ಅರ್ಥಕ್ಕೂ ಅರ್ಧಕ್ಕೂ ನಡುವಿನ ಚುಕ್ಕೆ

ಒಂದು ಗುರು, ಎರಡು ಲಘು ಸೇರಿದರೆ ಭಗಣ. ಹೈಸ್ಕೂಲಿನಲ್ಲಿ ಛಂದಸ್ಸು ಓದಿದವರಿಗೆಲ್ಲ ಇದು ನೆನಪಿರುತ್ತದೆ; ಗಣ ಮರೆತಿದ್ದರೂ ಪ್ರಸ್ತಾರ ಹಾಕುವಾಗಿನ ಭಯವಾದರೂ ನೆನಪಿರುತ್ತದೆ. ಈ ಭಗಣವನ್ನು ಕಂಪ್ಯೂಟರೂ ಹಾಡುತ್ತದೆ ಎಂದರೆ ನೀವು ನಗಬಹುದು. ಆದರೆ ಮಾತು ನಿಜ. 1981ರ ಆಗಸ್ಟ್ ತಿಂಗಳಲ್ಲಿ ಅಮೆರಿಕದ ಐಬಿಎಂ ಕಂಪನಿ ತನ್ನ ಪರ್ಸನಲ್ ಕಂಪ್ಯೂಟರನ್ನು ಮಾರುಕಟ್ಟೆಗೆ ತಂದಾಗ ಅದರ ಪೆಟ್ಟಿಗೆಯೊಳಗೆ ಒಂದು ಪುಟ್ಟ ಸ್ಪೀಕರನ್ನೂ ಇಟ್ಟಿತ್ತು. ಸ್ವಿಚ್ ಹಾಕಿದೊಡನೆ ಯಂತ್ರ ತನ್ನ ಅಂಗಾಂಗಗಳನ್ನು ತಾನೇ ತಡವಿ ನೋಡಿಕೊಳ್ಳುತ್ತಿತ್ತು. ಎಲ್ಲ ಸರಿಯಿದ್ದರೆ ಒಂದೇ ಒಂದು ಗಿಡ್ಡ ಸದ್ದು. ಪರದೆಗೆ ಚಿತ್ರ ಕಳಿಸುವ ಕಾರ್ಡಿನಲ್ಲಿ ತೊಂದರೆ ಕಂಡರೆ ಒಂದು ಉದ್ದ, ಎರಡು ಗಿಡ್ಡ. ಪರದೆಯೇ ಕತ್ತಲಾಗಿರುವಾಗ ತನ್ನ ಕಷ್ಟವನ್ನು ಪರದೆಯ ಮೇಲೆ ಬರೆದು ತೋರಿಸುವುದು ಹೇಗೆ? ಕಣ್ಣು ಹೋದಾಗ ಕಂಠದಿಂದಲೇ ಕರೆಯಬೇಕಲ್ಲವೇ?

ಗ್ರಾಫಿಕ್ಸ್ ಕಾರ್ಡ್ ಎಂದರೆ ಮಕ್ಕಳು ಆಟವಾಡುವುದಕ್ಕೆ ಹಾಕಿಸಿಕೊಳ್ಳುವ ದುಬಾರಿ ಸಾಮಾನು ಎಂದು ನಮ್ಮಲ್ಲಿ ಅನೇಕರು ತಿಳಿದಿದ್ದೇವೆ. ಹೊಸದಾಗಿ ಹಾಕಿಸಿದ ಕಾರ್ಡು ಕೆಲಸ ಮಾಡದಿದ್ದರೆ ಅದು ಮಗನ ತಲೆನೋವು, ನಮಗೇನು ಎಂದು ಅಡಿಗೆಮನೆಗೆ ಹೋಗಿಬಿಡುತ್ತೇವೆ. ಈ ಕಾರ್ಡಿನ ಚರಿತ್ರೆಯಲ್ಲಿ ಕನ್ನಡ ಅಕ್ಷರಗಳ ಚರಿತ್ರೆಯೂ ಸೇರಿಕೊಂಡಿದೆ ಎಂದು ತಿಳಿದಿದ್ದರೆ ನಾವು ಹಾಗೆ ಎದ್ದು ಹೋಗುತ್ತಿರಲಿಲ್ಲವೇನೋ. ಇತಿಹಾಸ ಪಾಠ ಮಾಡುವವಳಾದ್ದರಿಂದ ನಾನು ಇದನ್ನು ಮೊದಲಿನಿಂದಲೇ ಹೇಳುತ್ತೇನೆ.

1981ರ ಆ ಪೆಟ್ಟಿಗೆಗೆ ಪರದೆಯ ಮೇಲೆ ಏನನ್ನಾದರೂ ತೋರಿಸುವ ಶಕ್ತಿ ಹುಟ್ಟಿನಿಂದ ಬಂದಿರಲಿಲ್ಲ. ಅದಕ್ಕೆಂದು ಬೇರೆಯೇ ಒಂದು ಕಾರ್ಡು ಕೊಂಡು, ಒಳಗಿನ ಸೀಳುಗಂಡಿಯಂಥ ಸ್ಲಾಟಿನಲ್ಲಿ ಕೂರಿಸಬೇಕಿತ್ತು. ಐಬಿಎಂ ಎರಡು ಬಗೆಯ ಕಾರ್ಡು ಮಾರುತ್ತಿತ್ತು. ಒಂದು ಎಂಡಿಎ. ಇದು ಬರೀ ಅಕ್ಷರ ತೋರಿಸುವಂಥದು. ಕಪ್ಪು ಪರದೆಯ ಮೇಲೆ ಹಸಿರು ಅಕ್ಷರ, ಸಾಲಿಗೆ 80ರಂತೆ 25 ಸಾಲು. ಇನ್ನೊಂದು ಸಿಜಿಎ. ಇದಕ್ಕೆ ಬಣ್ಣವೂ ಗೊತ್ತು, ಚಿತ್ರವೂ ಗೊತ್ತು, ಆದರೆ ಚುಕ್ಕೆಗಳು ಒರಟು. ಒಟ್ಟು ಪರದೆಯ ಎತ್ತರಕ್ಕೆ 200 ಸಾಲು ಚುಕ್ಕೆಗಳು ಮಾತ್ರ.

ಕಾರ್ಡಿನ ಜೊತೆಗೇ ಅದರ ರಗಳೆಗಳೂ ಹುಟ್ಟಿದವು. ಯಾವ ಕಾರ್ಡು ಹಾಕಿದ್ದೇವೆಂದು ಯಂತ್ರಕ್ಕೆ ತಿಳಿಸಲು ಒಳಗಿನ ದೊಡ್ಡ ಹಲಗೆಯ ಮೇಲೆ, ಅಂದರೆ ಮದರ್‌ಬೋರ್ಡಿನ ಮೇಲೆ, ಅಕ್ಕಿಕಾಳಿನಂಥ ಸ್ವಿಚ್ಚುಗಳ ಸಾಲಿತ್ತು. ಪೆನ್ನಿನ ಮೊನೆಯಿಂದ ಅವನ್ನು ಮೇಲೆ ಕೆಳಗೆ ಸರಿಸಬೇಕು. ಅದು ತಪ್ಪಿದರೆ ಒಳ್ಳೆಯ ಕಾರ್ಡೂ ಕೆಟ್ಟದ್ದೆಂದು ಹೆಸರು ಪಡೆಯುತ್ತಿತ್ತು. ಇನ್ನೊಂದು ವಿಚಿತ್ರವೆಂದರೆ, ಎರಡೂ ಕಾರ್ಡುಗಳ ಹಿಂಬದಿಯಲ್ಲಿದ್ದದ್ದು ಒಂದೇ ಆಕಾರದ, 9 ತೂತಿನ ಸಾಕೆಟ್ಟು. ಹಸಿರು ಪರದೆಯ ತಂತಿ ಬಣ್ಣದ ಕಾರ್ಡಿಗೂ ಸಲೀಸಾಗಿ ಕೂರುತ್ತಿತ್ತು. ಆದರೆ ಎರಡರ ನಾಡಿಮಿಡಿತ ಬೇರೆ ಬೇರೆ. ಹಾಗೆ ಕೂರಿಸಿ ಸ್ವಿಚ್ ಹಾಕಿದರೆ ಪರದೆಯೇ ಸುಟ್ಟುಹೋಗುವ ಅಪಾಯವಿತ್ತು. ಕೂರುತ್ತದೆ ಎಂದ ಮಾತ್ರಕ್ಕೆ ಹೊಂದುತ್ತದೆ ಎಂದು ತಿಳಿಯಬಾರದೆಂಬುದು ರವಿಕೆ ಹೊಲಿಸಿಕೊಳ್ಳುವ ನಮಗೆ ಹೊಸ ವಿಷಯವೇನಲ್ಲ.

ಈಗ ಅಕ್ಷರದ ವಿಷಯಕ್ಕೆ ಬರೋಣ. ಎಂಡಿಎ ಕಾರ್ಡಿನಲ್ಲಿ ಒಂದು ಚಿಪ್ಪಿತ್ತು. ಅದರಲ್ಲಿ 256 ಆಕಾರಗಳನ್ನು ಶಾಶ್ವತವಾಗಿ ಕೆತ್ತಿಟ್ಟಿದ್ದರು. ಕಂಪ್ಯೂಟರು ಕಾರ್ಡಿಗೆ ಕಳಿಸುತ್ತಿದ್ದುದು ಅಕ್ಷರವನ್ನಲ್ಲ, ಬರೀ ಒಂದು ಸಂಖ್ಯೆಯನ್ನು. ಆ ಸಂಖ್ಯೆಯ ಆಕಾರವನ್ನು ಕಾರ್ಡು ತನ್ನ ಚಿಪ್ಪಿನಿಂದ ತೆಗೆದು ಪರದೆಗೆ ಒತ್ತುತ್ತಿತ್ತು, ನಾವು ಅಚ್ಚಿನಿಂದ ಸಕ್ಕರೆಗೊಂಬೆ ತೆಗೆಯುವ ಹಾಗೆ. ಆ 256 ಅಚ್ಚುಗಳಲ್ಲಿ ಇಂಗ್ಲಿಷಿತ್ತು, ಯುರೋಪಿನ ಕೆಲವು ಭಾಷೆಗಳ ಅಕ್ಷರಗಳಿದ್ದವು, ಗೆರೆ ಚೌಕಗಳಿದ್ದವು, ಇಸ್ಪೀಟಿನ ಚಿಹ್ನೆಗಳೂ ಇದ್ದವು. ನಮ್ಮ ‘ಅ’ ಇರಲಿಲ್ಲ. ಅಚ್ಚೇ ಇಲ್ಲದ ಮೇಲೆ ಯಾವ ಪಂಡಿತ ಪ್ರೋಗ್ರಾಂ ಬರೆದರೂ ಅಲ್ಲಿ ಕನ್ನಡ ಮೂಡುವಂತಿರಲಿಲ್ಲ.

ಹಾಗಾದರೆ ಚಿತ್ರ ಬಿಡಿಸಬಲ್ಲ ಸಿಜಿಎ ಕಾರ್ಡಿನಲ್ಲಿ ಅಕ್ಷರವನ್ನೇ ಚಿತ್ರದಂತೆ ಬಿಡಿಸಬಹುದಲ್ಲ ಎನ್ನಬಹುದು. ಲೆಕ್ಕ ಹಾಕಿ ನೋಡಿ. 200 ಸಾಲು ಚುಕ್ಕೆಗಳನ್ನು 25 ಬರಹದ ಸಾಲುಗಳಿಗೆ ಹಂಚಿದರೆ ಒಂದೊಂದಕ್ಕೆ 8 ಚುಕ್ಕೆಯ ಎತ್ತರ. ಇಂಗ್ಲಿಷಿನ ಅಕ್ಷರ ಅಷ್ಟರಲ್ಲಿ ಕಾಲು ಚಾಚಿಕೊಂಡು ಕೂರುತ್ತದೆ. ಆದರೆ ‘ಲಕ್ಷ್ಮೀ’ ಎಂದು ಬರೆಯಿರಿ. ಮೇಲೆ ಗುಡಿಸು, ನಡುವೆ ಅಕ್ಷರ, ಕೆಳಗೆ ಷ ಒತ್ತು, ಜೊತೆಗೆ ಮ ಒತ್ತು, ಪಕ್ಕದಲ್ಲಿ ದೀರ್ಘ. 8 ಚುಕ್ಕೆಯ ಎತ್ತರದಲ್ಲಿ ಲಕ್ಷ್ಮಿಗೆ ನಿಲ್ಲಲು ಜಾಗವೆಲ್ಲಿದೆ?

ಇದೇ ಕಷ್ಟ ನಮ್ಮಿಂದ ಬಹುದೂರದ ಇನ್ನೊಬ್ಬರಿಗೂ ಬಂತು. ಅವರ ಹೆಸರು ವಾನ್ ಸುವನ್ನುಕುಲ್. ಥಾಯ್ಲೆಂಡಿನ ಭಾಷೆಯವರು, ಅಮೆರಿಕದಲ್ಲಿ ಡಾಕ್ಟರೇಟ್ ಪ್ರಬಂಧ ಬರೆಯುತ್ತಿದ್ದವರು. ಐಬಿಎಂ ಯಂತ್ರದಲ್ಲಿ ತಮ್ಮ ಥಾಯ್ ಲಿಪಿಯನ್ನು ಬಳಸಬೇಕೆಂಬುದು ಅವರ ಆಸೆ. ಥಾಯ್ ಲಿಪಿಯೂ ನಮ್ಮ ಲಿಪಿಯಂತೆ ಬ್ರಾಹ್ಮಿಯ ವಂಶದ್ದೇ. ಸ್ವರಚಿಹ್ನೆಗಳು ಅಕ್ಷರದ ತಲೆಯ ಮೇಲೂ ಕೂರುತ್ತವೆ, ಕಾಲ ಕೆಳಗೂ ಬರುತ್ತವೆ, ಅವುಗಳ ಮೇಲೆ ಉಚ್ಚಾರದ ಏರಿಳಿತದ ಗುರುತು ಬೇರೆ. ಎಂಡಿಎಯಲ್ಲಿ ಅಚ್ಚಿಲ್ಲ, ಸಿಜಿಎಯಲ್ಲಿ ಜಾಗವಿಲ್ಲ. ಅವರು ಕೈಕಟ್ಟಿ ಕೂರದೆ ತಾವೇ ಒಂದು ಕಾರ್ಡು ತಯಾರಿಸಿದರು. ಅದೇ 1982ರ ಹರ್ಕ್ಯುಲಿಸ್ ಗ್ರಾಫಿಕ್ಸ್ ಕಾರ್ಡು. ಅಡ್ಡಕ್ಕೆ 720, ಉದ್ದಕ್ಕೆ 348 ಚುಕ್ಕೆ. ಅಂದರೆ ಒಂದು ಸಾಲಿಗೆ ಸುಮಾರು 14 ಚುಕ್ಕೆಯ ಎತ್ತರ. ಹಸಿರು ಪರದೆಯ ಮೇಲೇ ಸ್ಪಷ್ಟವಾದ ಅಕ್ಷರ, ಸ್ಪಷ್ಟವಾದ ಚಿತ್ರ ಎರಡೂ ಬಂದವು. ಮರುವರ್ಷ ಬಂದ ಲೋಟಸ್ 1-2-3 ಎಂಬ ಲೆಕ್ಕಪತ್ರದ ಪ್ರೋಗ್ರಾಂ ಈ ಕಾರ್ಡಿಗೆ ಹೊಂದಿಕೊಂಡಿದ್ದರಿಂದ ಅಂಗಡಿ ಕಚೇರಿಗಳೆಲ್ಲ ಅದನ್ನು ಕೊಂಡವು. ಲೆಕ್ಕದವರಿಗೆ ಅದು ನಕ್ಷೆ ಬಿಡಿಸುವ ಕಾರ್ಡು. ಹುಟ್ಟಿದ್ದು ಮಾತ್ರ ಒಂದು ಭಾಷೆಯ ಅಕ್ಷರಕ್ಕಾಗಿ.

ಹರ್ಕ್ಯುಲಿಸಿಗೂ ತನ್ನದೇ ಆದ ರಗಳೆಯಿತ್ತು. ಕಂಪ್ಯೂಟರಿನ ನೆನಪಿನಲ್ಲಿ ಪ್ರತಿಯೊಂದು ಕಾರ್ಡಿಗೂ ಒಂದು ವಿಳಾಸವಿರುತ್ತದೆ, ಬೀದಿಯಲ್ಲಿ ಮನೆ ನಂಬರಿದ್ದ ಹಾಗೆ. ಎಂಡಿಎ ಮತ್ತು ಸಿಜಿಎಗಳಿಗೆ ಐಬಿಎಂ ಬೇರೆ ಬೇರೆ ನಂಬರು ಕೊಟ್ಟಿದ್ದರಿಂದ ಒಂದೇ ಯಂತ್ರದಲ್ಲಿ ಎರಡನ್ನೂ ಹಾಕಬಹುದಿತ್ತು. ಹರ್ಕ್ಯುಲಿಸ್ ದೊಡ್ಡ ಸಂಸಾರ. ತನ್ನ ಮನೆಯ ಜೊತೆಗೆ ಪಕ್ಕದ ಸಿಜಿಎ ಮನೆಗೂ ಚಾಚಿಕೊಳ್ಳುತ್ತಿತ್ತು. ಎರಡೂ ಇದ್ದರೆ ಜಗಳ ಖಂಡಿತ. ಅದಕ್ಕೆ ಪರಿಹಾರವಾಗಿ ಹರ್ಕ್ಯುಲಿಸಿಗೆ ‘ಹಾಫ್’, ‘ಫುಲ್’ ಎಂಬ ಎರಡು ಸ್ಥಿತಿಗಳನ್ನು ಇಟ್ಟಿದ್ದರು. ನೆರೆಮನೆಯಲ್ಲಿ ಸಿಜಿಎ ಇದ್ದರೆ ಅರ್ಧದಲ್ಲಿ ಇರಬೇಕು, ಇಲ್ಲದಿದ್ದರೆ ಪೂರ್ತಿ ಹರಡಿಕೊಳ್ಳಬಹುದು. ಹೊಸ ಕಾರ್ಡು ಹಾಕಿದ ಮೇಲೆ ಹಳೆಯದೂ ಕೆಟ್ಟಿತು ಎಂಬ ದೂರು ಬಂದರೆ ಇಂಥ ವಿಳಾಸದ ಜಗಳವೇನಾದರೂ ಇದೆಯೇ ಎಂದು ನೋಡಬೇಕಾಗುತ್ತಿತ್ತು.

ನಮ್ಮ ದೇಶದಲ್ಲೂ ಆಗ ಜನ ಸುಮ್ಮನೆ ಕುಳಿತಿರಲಿಲ್ಲ. ಕಾನ್ಪುರದ ಐಐಟಿಯಲ್ಲಿ ಭಾರತೀಯ ಲಿಪಿಗಳನ್ನು ಪರದೆಗೆ ತರುವ ಕೆಲಸ ನಡೆದಿತ್ತು. ಅಲ್ಲಿ ದುಡಿದ ಮೋಹನ್ ತಾಂಬೆ ಮುಂದೆ ಪುಣೆಗೆ ಬಂದರು. 1988ರಲ್ಲಿ ಅಲ್ಲಿ ಸಿ-ಡ್ಯಾಕ್ ಎಂಬ ಸರ್ಕಾರಿ ಸಂಸ್ಥೆ ಸ್ಥಾಪನೆಯಾಗಿತ್ತು. ಅಲ್ಲಿಂದ ಹೊರಬಂದದ್ದು ‘ಜಿಸ್ಟ್’ ಕಾರ್ಡು. ಇದೂ ಸ್ಲಾಟಿನಲ್ಲಿ ಕೂರಿಸುವ ಕಾರ್ಡೇ. ಇದನ್ನು ಹಾಕಿದರೆ ಇಂಗ್ಲಿಷಿಗೆಂದೇ ಬರೆದ ಡಾಸ್ ಕಾಲದ ಪ್ರೋಗ್ರಾಮುಗಳ ಪರದೆಯ ಮೇಲೂ ಕನ್ನಡ, ತಮಿಳು, ಬಂಗಾಳಿ ಅಕ್ಷರಗಳು ಮೂಡುತ್ತಿದ್ದವು. ಕ ಆದಮೇಲೆ ಷ ಬಂದರೆ ಒತ್ತು ಎಲ್ಲಿ ಕೂರಬೇಕೆಂಬ ಜಾಣತನ ಕಾರ್ಡಿನಲ್ಲೇ ಇತ್ತು. ನಮ್ಮ ಲಿಪಿಗಳೆಲ್ಲ ಅಕ್ಕತಂಗಿಯರೆಂಬ ತಿಳಿವಳಿಕೆಯಿಂದ, ಎಲ್ಲಕ್ಕೂ ಒಂದೇ ಸಂಖ್ಯಾಕ್ರಮ ಮಾಡಿದ್ದರು. ಕನ್ನಡದ ‘ಕ’ಗೂ ಬಂಗಾಳಿಯ ‘ಕ’ಗೂ ಒಂದೇ ಸಂಖ್ಯೆ. ಈ ಕ್ರಮಕ್ಕೆ 1991ರಲ್ಲಿ ‘ಇಸ್ಕಿ’ ಎಂಬ ಹೆಸರಿನಲ್ಲಿ ಭಾರತೀಯ ಮಾನಕದ ಮುದ್ರೆ ಬಿತ್ತು. ಅದೇ ವರ್ಷ ಜಗತ್ತಿನ ಭಾಷೆಗಳಿಗೆಲ್ಲ ಒಂದೇ ಪಟ್ಟಿ ಮಾಡಲು ಹೊರಟ ಯೂನಿಕೋಡ್ ಕೂಡ ಕನ್ನಡವನ್ನು ಸೇರಿಸಿಕೊಂಡಾಗ, ಇಸ್ಕಿಯ ಹಿಂದಿನ ರೂಪವಾದ 1988ರ ಕ್ರಮವನ್ನೇ ಆಧಾರವಾಗಿ ಇಟ್ಟುಕೊಂಡಿತು.

ಇಷ್ಟರಲ್ಲಿ ಐಬಿಎಂ 1987ರಲ್ಲಿ ವಿಜಿಎ ತಂದಿತ್ತು. ಅಡ್ಡಕ್ಕೆ 640, ಉದ್ದಕ್ಕೆ 480 ಚುಕ್ಕೆ, 16 ಬಣ್ಣ. ಸಾಕೆಟ್ಟಿಗೆ 15 ತೂತು, ಹಾಗಾಗಿ ಹಳೆಯ ತಂತಿ ಅದರಲ್ಲಿ ತಪ್ಪಿಯೂ ಕೂರುವಂತಿರಲಿಲ್ಲ. ಬೇರೆ ಕಂಪನಿಗಳವರೂ ಇದನ್ನೇ ಅನುಸರಿಸಿದರು. ಮುಂದೆ ಯಾವ ಕಂಪನಿಯ ಎಂಥ ಕಾರ್ಡು ಬಂದರೂ, ತನ್ನ ಹೊಸ ವಿದ್ಯೆಗಳ ಜೊತೆಗೆ ಈ ವಿಜಿಎ ಭಾಷೆಯನ್ನೂ ಕಲಿತು ಬರುವುದು ರೂಢಿಯಾಯಿತು. 1995ರ ಆಗಸ್ಟ್‌ನಲ್ಲಿ ವಿಂಡೋಸ್ 95 ಬಂತು. ಇನ್ನು ಸ್ವಿಚ್ಚು ಸರಿಸುವ, ಮನೆ ನಂಬರು ಕೊಡುವ ಕೆಲಸವೆಲ್ಲ ನನ್ನದು, ನೀವು ಕಾರ್ಡು ಹಾಕಿ ಸಾಕು ಎಂದಿತು. ಅದು ಆಡಿದ ಮಾತು ಅನೇಕ ಸಲ ನಡೆಯಲಿಲ್ಲ. ಆಗ ಯಂತ್ರ ಮಾಡುತ್ತಿದ್ದುದೇನು ಗೊತ್ತೇ? ಹೊಸ ಕಾರ್ಡಿನ ಭಾಷೆ ತಿಳಿಯದಿದ್ದಾಗ, ‘ಸೇಫ್ ಮೋಡ್’ ಎಂಬ ಸ್ಥಿತಿಗೆ ಹೋಗಿ ವಿಜಿಎಯ 640, 480 ಚುಕ್ಕೆ, 16 ಬಣ್ಣದಲ್ಲಿ ಮಾತನಾಡುತ್ತಿತ್ತು. ಹೊಸದು ಕೈಕೊಟ್ಟಾಗ ಅಜ್ಜಿಯ ಮಾತು ನೆರವಿಗೆ ಬರುವ ಹಾಗೆ.

ಇದೆಲ್ಲ ನನಗೆ ಪುಸ್ತಕದಿಂದ ಮಾತ್ರ ತಿಳಿದದ್ದಲ್ಲ. 2003ರಲ್ಲಿ ನಮ್ಮ ಶಾಲೆಯಲ್ಲಿದ್ದದ್ದು ಒಂದೇ ಕಂಪ್ಯೂಟರು. ಅದರ ಮದರ್‌ಬೋರ್ಡಿನಲ್ಲೇ ಇದ್ದ ಚಿತ್ರದ ಭಾಗ ಕೆಟ್ಟಿತು. ಪೋಷಕರಿಂದ ಚಂದಾ ಎತ್ತಿ ಪೇಟೆಯ ಅಂಗಡಿಯೊಂದರಿಂದ ಬೇರೆ ಕಾರ್ಡು ತರಿಸಿದೆವು. ಅಂಗಡಿಯ ಹುಡುಗ ಬಂದು ಹಾಕಿದ, ಒಂದು ಸಲ ಚಿತ್ರ ಬಂತು, ಹೋದ. ಮಾರನೆಯ ದಿನ ಪರದೆ ಕಪ್ಪು. ಒಂದು ಉದ್ದ, ಎರಡು ಗಿಡ್ಡ ಸದ್ದು. ಆ ವಾರವೇ ಒಂಬತ್ತನೆಯ ತರಗತಿಗೆ ಛಂದಸ್ಸು ಮುಗಿಸಿದ್ದೆ. ಬಾಗಿಲಲ್ಲಿ ನಿಂತಿದ್ದ ಹುಡುಗಿಯರಲ್ಲಿ ಒಬ್ಬಳು “ಭಗಣ, ಟೀಚರ್” ಎಂದಳು.

ಅಂಗಡಿಗೆ ಫೋನು ಮಾಡಿದರೆ, ಮದರ್‌ಬೋರ್ಡೇ ಹೋಗಿದೆ, ಹೊಸ ಯಂತ್ರ ತೆಗೆದುಕೊಳ್ಳಿ ಎಂಬ ಉತ್ತರ. ನೋಡದೆಯೇ ಹೇಳಿದ ಮಾತದು. ಅರ್ಧವಾರ್ಷಿಕ ಪರೀಕ್ಷೆಗೆ ಹತ್ತು ದಿನವಿತ್ತು, ಪ್ರಶ್ನೆಪತ್ರಿಕೆಗಳೆಲ್ಲ ಅದರಲ್ಲೇ ಇದ್ದವು. ಹೊಸ ಯಂತ್ರಕ್ಕೆ ಮತ್ತೆ ಚಂದಾ ಕೇಳುವುದೆಂದರೆ, ಒಂದು ವಾರದ ಕೂಲಿಯನ್ನು ಕೊಟ್ಟವರ ಬಾಗಿಲಿಗೇ ಮತ್ತೆ ಹೋಗಿ ನಿಲ್ಲಬೇಕು. ನಮ್ಮ ವಿಜ್ಞಾನದ ಟೀಚರು ಸ್ಕ್ರೂಡ್ರೈವರು ತಂದರು. ಹೆಣ್ಣುಮಕ್ಕಳು ಕರೆಂಟಿನ ಸಾಮಾನು ಬಿಚ್ಚುವುದೇ ಎಂದು ಮುಖ್ಯೋಪಾಧ್ಯಾಯರು ಹಿಂಜರಿದರು. “ಮಿಕ್ಸಿ ಬಿಚ್ಚಿ ತೊಳೆಯುವವರು ಯಾರು ಸಾರ್?” ಎಂದರು ಆಕೆ. ಪ್ಲಗ್ಗು ಕಿತ್ತಿಟ್ಟರು. ಪಾಲಿಯೆಸ್ಟರ್ ಸೀರೆಯುಟ್ಟವರು ಕೈ ಹಾಕುವುದು ಬೇಡ, ಬಟ್ಟೆಯ ತಿಕ್ಕಾಟದಿಂದ ಮೈಯಲ್ಲಿ ಹುಟ್ಟುವ ವಿದ್ಯುತ್ತಿಗೇ ಚಿಪ್ಪು ಸಾಯುತ್ತದೆ ಎಂದು ನನ್ನನ್ನು ದೂರ ನಿಲ್ಲಿಸಿದರು. ತಾವು ಮೊದಲು ಪೆಟ್ಟಿಗೆಯ ಕಬ್ಬಿಣವನ್ನು ಮುಟ್ಟಿ, ಆಮೇಲೆ ಕಾರ್ಡನ್ನು ಮುಟ್ಟಿದರು.

ತೊಂದರೆ ಕಣ್ಣಿಗೇ ಕಾಣುವಂತಿತ್ತು. ಹಿಂಬದಿಯ ತಗಡಿಗೆ ಸ್ಕ್ರೂ ಬಿಗಿದಾಗ ಕಾರ್ಡಿನ ಇನ್ನೊಂದು ತುದಿ ಒಂದು ನೂಲಿನಷ್ಟು ಮೇಲೆದ್ದಿತ್ತು. ಸ್ಕ್ರೂ ಸಡಿಲಿಸಿ, ಕಾರ್ಡು ತೆಗೆದು, ಅದರ ಚಿನ್ನದ ಬಣ್ಣದ ಹಲ್ಲುಗಳನ್ನು ಮಕ್ಕಳ ರಬ್ಬರಿನಿಂದ ಮೃದುವಾಗಿ ಉಜ್ಜಿ, ಪುಡಿ ಒರೆಸಿ, ಎರಡೂ ತುದಿ ಸಮನಾಗಿ ಕೂರುವವರೆಗೆ ಒತ್ತಿ, ಮತ್ತೆ ಸ್ಕ್ರೂ ಹಾಕಿದರು. ಒಂದೇ ಗಿಡ್ಡ ಸದ್ದು. ಪರದೆಗೆ ಬೆಳಕು ಬಂತು.

ಬೆಳಕೇನೋ ಬಂತು, ಅಕ್ಷರ ಬರಲಿಲ್ಲ. ಆ ಕಾರ್ಡಿನ ಭಾಷೆಯನ್ನು ವಿಂಡೋಸಿಗೆ ತಿಳಿಸಿಕೊಡುವ ‘ಡ್ರೈವರ್’ ಎಂಬ ಪ್ರೋಗ್ರಾಮಿನ ಸಿ.ಡಿ.ಯನ್ನು ಅಂಗಡಿಯವರು ಕೊಟ್ಟಿರಲೇ ಇಲ್ಲ. ಯಂತ್ರ ಅಜ್ಜಿಯ ಕಾಲದ 640, 480ಕ್ಕೇ ನಿಂತಿತು. ಎಲ್ಲ ದಪ್ಪ ದಪ್ಪ. ಕನ್ನಡ ಗಣಕ ಪರಿಷತ್ತಿನ ‘ನುಡಿ’ಯಲ್ಲಿ ಟೈಪು ಮಾಡಿದ್ದ ಪ್ರಶ್ನೆಪತ್ರಿಕೆಯನ್ನು ಹುಡುಗಿಯರಿಗೆ ಓದಿ ನೋಡಲು ಕೊಟ್ಟೆ. ಅವರು ಪುಟವಿಡೀ ಕಾಣಲೆಂದು ಅದನ್ನು ಚಿಕ್ಕದು ಮಾಡಿಕೊಂಡು ಓದಿದರು: “ಕೆಳಗಿನ ಪದಗಳ ಅರ್ಧ ಬರೆಯಿರಿ.” ಎಲ್ಲರೂ ನಕ್ಕರು. ಪದದ ಅರ್ಧ ಬರೆದರೆ ಅರ್ಧ ಅಂಕ ಕೊಡುತ್ತೀರಾ ಎಂದು ಒಬ್ಬಳು ಕೇಳಿದಳು.

ಥ ಮತ್ತು ಧ ಅಕ್ಷರಗಳನ್ನು ಒಮ್ಮೆ ಬರೆದು ನೋಡಿ. ಎರಡಕ್ಕೂ ಇರುವ ಅಂತರ ಹೊಟ್ಟೆಯೊಳಗಿನ ಒಂದು ಚುಕ್ಕೆ. ಕೆಳಗಿನ ಸೀಳೂ ಮುಚ್ಚಿಹೋದರೆ ಅದು ದ. ಪ ಮತ್ತು ಷ ನಡುವೆ ಒಂದು ಗೆರೆ. ಪರದೆಗೆ ಸಾಕಷ್ಟು ಚುಕ್ಕೆಗಳಿಲ್ಲದಿದ್ದರೆ ಈ ಅಕ್ಷರಗಳು ಒಂದರೊಳಗೊಂದು ಕರಗುತ್ತವೆ. ಪತ್ರಿಕೆಯನ್ನು ಕಾಗದದ ಮೇಲೆ ಮುದ್ರಿಸಿದಾಗ ‘ಅರ್ಥ’ ಸರಿಯಾಗಿಯೇ ಬಂತು. ಪ್ರಿಂಟರಿನ ಚುಕ್ಕೆಗಳು ಬಲು ಸಣ್ಣವು. ಪರದೆ ಮಾತ್ರ ಅರ್ಥವನ್ನು ಅರ್ಧ ಮಾಡುತ್ತಿತ್ತು. ಇಪ್ಪತ್ತೊಂದು ವರ್ಷಗಳ ಹಿಂದೆ ಆ ಥಾಯ್ ವಿದ್ಯಾರ್ಥಿ ಎದುರಿಸಿದ ಕಷ್ಟವೇ ನಮ್ಮ ಶಾಲೆಯ ಬೆಂಚಿನ ಮೇಲೆ ಬಂದು ಕುಳಿತಿತ್ತು.

ವಿಜ್ಞಾನದ ಟೀಚರು ಕಾರ್ಡಿನ ಚಿಪ್ಪಿನ ಮೇಲಿದ್ದ ಹೆಸರು, ನಂಬರುಗಳನ್ನು ಹುಡುಗಿಯರಿಂದ ಚೀಟಿಯಲ್ಲಿ ಬರೆಸಿದರು. ಸೈಬರ್ ಕೆಫೆಯಲ್ಲಿ ಅದೇ ನಂಬರಿನ ಡ್ರೈವರು ಹುಡುಕಿದರೆ ಸಿಕ್ಕಿತು. ಫ್ಲಾಪಿಗೆ ಹಿಡಿಸುವುದು 1.44 ಎಂಬಿ ಮಾತ್ರವಾದ್ದರಿಂದ ಸಿ.ಡಿ.ಯಲ್ಲಿ ಹಾಕಿಸಿಕೊಂಡು ಬಂದೆವು. ‘ಡಿವೈಸ್ ಮ್ಯಾನೇಜರ್’ ಎಂಬಲ್ಲಿ ಕಾರ್ಡಿನ ಹೆಸರಿನ ಮುಂದಿದ್ದ ಹಳದಿ ಆಶ್ಚರ್ಯಸೂಚಕ ಚಿಹ್ನೆ ಹೋಯಿತು. ಥಕಾರದ ಹೊಟ್ಟೆಯಲ್ಲಿ ಚುಕ್ಕೆ ಕಾಣಿಸಿತು. ಭಗಣ ಎಂದಿದ್ದ ಹುಡುಗಿ ಅಂದಿನಿಂದ ಆ ಯಂತ್ರದ ಕಾವಲುಗಾರ್ತಿಯಾದಳು. ಕಂಪ್ಯೂಟರಿಗೆ ಹೊದಿಸಿದ್ದ ಬಟ್ಟೆ ತೆಗೆಯಲು ಹುಡುಗಿಯರು ಯಾರನ್ನೂ ಕೇಳಬೇಕಾಗಲಿಲ್ಲ.

ಆ ಒಂದು ವಾರದಲ್ಲಿ ನಾವು ಮಾಡಿದ್ದನ್ನು ಆಮೇಲೆ ಯೋಚಿಸಿದಾಗ ನನಗೆ ಹೊಳೆದದ್ದಿಷ್ಟು. ಕೆಟ್ಟ ಕಾರ್ಡನ್ನು ಸರಿಮಾಡುವವರು ಹೆಜ್ಜೆಹೆಜ್ಜೆಯಾಗಿ ಅದರ ಚರಿತ್ರೆಯನ್ನೇ ನಡೆಯುತ್ತಾರೆ. ಸದ್ದು ಕೇಳುವುದು 1981ರ ವಿದ್ಯೆ. ಯಾವ ಸಾಕೆಟ್ಟಿಗೆ ಯಾವ ತಂತಿ ಎಂದು ನೋಡುವುದೂ ಆ ಕಾಲದ್ದೇ. ಡ್ರೈವರಿಲ್ಲದಾಗ ಕೈಹಿಡಿಯುವುದು 1987ರ ವಿಜಿಎ. ಹೊಸದು ಬಂದಾಗ ಹಳೆಯದು ಸಾಯಲಿಲ್ಲ, ಕೆಳಗಿನ ಮೆಟ್ಟಿಲಾಗಿ ಉಳಿಯಿತು. ಯಾವ ಮೆಟ್ಟಿಲಿನಲ್ಲಿ ನಿಂತಿದ್ದೇವೆಂದು ತಿಳಿದವರಿಗೆ, ನೋಡದೆಯೇ “ಎಲ್ಲಾ ಹೋಗಿದೆ, ಹೊಸದು ಕೊಳ್ಳಿ” ಎನ್ನುವವರ ಮಾತನ್ನು ತಡೆದು ಕೇಳುವ ಧೈರ್ಯ ಬರುತ್ತದೆ.

ಮುಂದಿನ ಕಥೆ ಬೇಗ ಹೇಳಬಹುದು. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಬಂದಿತ್ತು, ಕೆ.ಪಿ. ರಾವ್ ಅವರ ಕೀಲಿಮಣೆಯ ಕ್ರಮದಿಂದ ಕನ್ನಡ ಟೈಪು ಮಾಡುವುದು ಮನೆಮನೆಗೆ ತಲುಪಿತ್ತು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ‘ತುಂಗಾ’ ಎಂಬ ಕನ್ನಡ ಫಾಂಟು ಜೊತೆಗೇ ಬಂತು. ಒತ್ತಕ್ಷರ ಕೂಡಿಸುವ ಕೆಲಸ ಕಾರ್ಡಿನಿಂದ ಪ್ರೋಗ್ರಾಮಿಗೆ ದಾಟಿತು. ಕಾರ್ಡುಗಳು ಚುಕ್ಕೆಗಳ ಬಡತನವನ್ನು ಮರೆತು ಆಟ, ಸಿನಿಮಾಗಳ ಕಡೆ ಓಡಿದವು, ಅವುಗಳ ಹಸಿವೂ ಬೆಳೆಯಿತು. 2004ರ ಸುಮಾರಿಗೆ ಬಂದ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟು ಕಾರ್ಡಿಗೆ ಕೊಡುವುದು ಹೆಚ್ಚೆಂದರೆ 75 ವ್ಯಾಟ್. ಅದು ಸಾಲದ ಕಾರ್ಡುಗಳಿಗೆ ಬೇರೆ ತಂತಿಯಿಂದ ಕರೆಂಟು ಉಣಿಸಬೇಕು. 2022ರಲ್ಲಿ ಬಂದ ಎನ್ವಿಡಿಯಾದ ಒಂದು ಕಾರ್ಡಿಗೆ 450 ವ್ಯಾಟ್ ಬೇಕಿತ್ತು. ಕೆಲವರ ಮನೆಯಲ್ಲಿ ಅದರ ಪ್ಲಗ್ಗು ಕರಗಿದಾಗ, ಪ್ಲಗ್ಗನ್ನು ಪೂರ್ತಿ ಒತ್ತಿ ಕೂರಿಸದಿರುವುದೇ ಹೆಚ್ಚಾಗಿ ಕಂಡುಬಂದ ಕಾರಣವೆಂದು ಕಂಪನಿ ಹೇಳಿತು. ಲಕ್ಷಾಂತರ ರೂಪಾಯಿಯ ಯಂತ್ರವಾದರೂ ಕೊನೆಗೆ ಬಂದು ನಿಲ್ಲುವುದು ಕೂರಿಸುವ ಕೈಯ ಮೇಲೆ.

ಆದ್ದರಿಂದ ಮನೆಯಲ್ಲಿ ಹೊಸ ಕಾರ್ಡು ಹಾಕಿ ಪರದೆ ಕತ್ತಲಾಗಿದ್ದರೆ ಗಾಬರಿಯಾಗಬೇಡಿ. ಮೊದಲು ಕಿವಿಗೊಟ್ಟು ಕೇಳಿ. ಸ್ಪೀಕರಿಲ್ಲದ ಈಗಿನ ಅನೇಕ ಮದರ್‌ಬೋರ್ಡುಗಳಲ್ಲಿ ಸದ್ದಿನ ಬದಲು ಪುಟ್ಟ ದೀಪಗಳಿರುತ್ತವೆ. ಚಿತ್ರದ ತೊಂದರೆಗೆ ಉರಿಯುವ ದೀಪದ ಪಕ್ಕದಲ್ಲಿ ಇಂದಿಗೂ ‘ವಿಜಿಎ’ ಎಂದೇ ಬರೆದಿರುತ್ತದೆ. ಪರದೆಯ ತಂತಿ ಮದರ್‌ಬೋರ್ಡಿನ ಹಳೆಯ ಸಾಕೆಟ್ಟಿನಲ್ಲೇ ಉಳಿದಿದೆಯೋ, ಹೊಸ ಕಾರ್ಡಿನ ಸಾಕೆಟ್ಟಿಗೆ ಬಂದಿದೆಯೋ ನೋಡಿ. ಪ್ಲಗ್ಗು ಕಿತ್ತು, ಕಾರ್ಡಿನ ಎರಡೂ ತುದಿ ಸಮನಾಗಿ ಕೂತಿದೆಯೇ, ಕರೆಂಟಿನ ಬೇರೆ ತಂತಿ ಬೇಕಿದ್ದರೆ ಅದು ಪೂರ್ತಿ ಒಳಗೆ ಹೋಗಿದೆಯೇ, ಪೆಟ್ಟಿಗೆಯ ವಿದ್ಯುತ್ ಪೂರೈಕೆಗೆ ಅಷ್ಟು ವ್ಯಾಟ್ ಕೊಡುವ ಶಕ್ತಿಯಿದೆಯೇ ನೋಡಿ. ಇಷ್ಟಾಗಿ ಬೆಳಕು ಬಂದು, ಚಿತ್ರ ದಪ್ಪದಪ್ಪವಾಗಿದ್ದರೆ ಆಗ ಡ್ರೈವರಿನ ಸರದಿ. ಎಲ್ಲ ಮುಗಿದ ಮೇಲೆ ಆಟ ತೆರೆಯುವ ಮೊದಲು ಚಿಕ್ಕ ಅಕ್ಷರದಲ್ಲಿ ಮೂರು ಮಾತು ಟೈಪು ಮಾಡಿ: ಲಕ್ಷ್ಮೀ, ಅರ್ಧ, ಅರ್ಥ. ಕನ್ನಡಕ ಹಾಕಿಕೊಂಡು, ಚುಕ್ಕೆ ಕಾಣುತ್ತದೆಯೇ ನೋಡಿ.